ಒಂಬತ್ತು ವಾಲ್ವ್‌ಗಳಲ್ಲಿ ಕೆಟ್ಟಿರುವುದು ಯಾವುದು? ಹಳೆಯ ಫೆಂಡರ್ ಡಿಲಕ್ಸ್ ರಿವರ್ಬ್ ಆಂಪ್ ಪರೀಕ್ಷಿಸುವ ಬಗೆ

ಹಳೆಯ ಗಿಟಾರ್ ಆಂಪ್ ಸ್ವಲ್ಪ ಗೊರಗೊರ ಅಂದರೆ ಸಾಕು, "ವಾಲ್ವ್ ಎಲ್ಲಾ ಬದಲಾಯಿಸಿಬಿಡಿ" ಎಂಬ ಸಲಹೆ ಬಂದೇ ಬರುತ್ತದೆ. ನಾನೂ ಅದನ್ನು ನಂಬಿದ್ದೆ. 1966ರ ನನ್ನ ಫೆಂಡರ್ ಡಿಲಕ್ಸ್ ರಿವರ್ಬ್‌ನಲ್ಲಿ ಒಂದು ಪವರ್ ವಾಲ್ವ್ ಕೆಂಪಗೆ ಕಾಯುತ್ತಿತ್ತು. ರಿಪೇರಿಗೆ ಕೊಟ್ಟೆ. ಒಂಬತ್ತೂ ವಾಲ್ವ್ ಹೊಸದಾಗಿ ಬಂದವು. ಹಳೆಯವು ಎಲ್ಲಿ ಎಂದು ಕೇಳಿದರೆ "ಎಸೆದ್ವಿ ಸಾರ್" ಎಂದರು. ಎರಡೇ ವಾರದಲ್ಲಿ ಅದೇ ಸಾಕೆಟ್‌ನಲ್ಲಿ ಹೊಸ ವಾಲ್ವ್ ಕೂಡ ಕೆಂಪಾಯಿತು. ತಪ್ಪು ವಾಲ್ವ್‌ನದಾಗಿರಲಿಲ್ಲ. ಅದರ ಹಿಂದಿದ್ದ ಒಂದು ಚಿಕ್ಕ ಕೆಪಾಸಿಟರ್ ಸೋರುತ್ತಿತ್ತು. ಅದನ್ನು ಬದಲಾಯಿಸಲು ಒಂದು ಊಟದ ದುಡ್ಡು ಸಾಕಾಯಿತು. ಅರ್ಧ ಶತಮಾನ ಬಾಳಿದ್ದ ಆ ಅಮೆರಿಕನ್ ವಾಲ್ವ್‌ಗಳು ಮಾತ್ರ ಹೋದವು ಹೋದವೇ. ಆ ನೋವು ನನಗಿನ್ನೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಂಪ್‌ನೊಳಗಿನ ಈ ಗಾಜಿನ ಬುರುಡೆಗಳಿಗೆ ಅಮೆರಿಕದವರು ಟ್ಯೂಬ್ ಅನ್ನುತ್ತಾರೆ. ನಮಗೆ ವಾಲ್ವ್ ರೇಡಿಯೋ ಕಾಲದಿಂದ ಅದು ವಾಲ್ವ್. ಬೆಂಗಳೂರಿನ ಬಿಇಎಲ್ 1961ರಲ್ಲೇ ರೇಡಿಯೋ ವಾಲ್ವ್ ಮಾಡಲು ಶುರು ಮಾಡಿತ್ತು. ಅದರ ಇಎಲ್84 ವಾಲ್ವ್‌ಗಳನ್ನು ಆಂಪ್ ಪ್ರಿಯರು ಇವತ್ತಿಗೂ ಹುಡುಕುತ್ತಾರೆ. ಹಾಗಾಗಿ ಇಲ್ಲಿ ವಾಲ್ವ್ ಅಂತಲೇ ಬರೆಯುತ್ತೇನೆ.

ಉದಾಹರಣೆಗೆ ತೆಗೆದುಕೊಂಡಿರುವುದು ಬ್ಲ್ಯಾಕ್‌ಫೇಸ್, ಅಂದರೆ ಮುಂಬದಿಯ ಫಲಕ ಕಪ್ಪಗಿರುವ, ಡಿಲಕ್ಸ್ ರಿವರ್ಬ್. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ 1963ರಿಂದ 1967ರವರೆಗೆ ತಯಾರಾದದ್ದು. ಸರ್ಕ್ಯೂಟಿನ ಹೆಸರು ಎಬಿ763. ಸುಮಾರು 22 ವ್ಯಾಟ್, 12 ಇಂಚಿನ ಒಂದು ಸ್ಪೀಕರ್. ನಿಮ್ಮದು ಬೇರೆ ಆಂಪ್ ಆಗಿದ್ದರೆ ವಾಲ್ವ್‌ಗಳ ಜಾಗ ಮತ್ತು ಅಂಕಿಗಳು ಬೇರೆ ಇರುತ್ತವೆ. ಹುಡುಕುವ ದಾರಿ ಇದೇ.

ಮೊದಲು ಯಾವ ವಾಲ್ವ್ ಏನು ಮಾಡುತ್ತದೆ ತಿಳಿಯಿರಿ

ಆಂಪ್‌ನ ಹಿಂಬದಿಯಿಂದ ನೋಡಿದರೆ ಬಲತುದಿಯಲ್ಲಿ ಇರುವುದು ವಿ1. ಅಲ್ಲಿಂದ ಎಡಕ್ಕೆ ಎಣಿಸುತ್ತಾ ಹೋಗಿ. ವಿ1 ನಾರ್ಮಲ್ ಚಾನೆಲ್‌ನದು, ವಿ2 ವೈಬ್ರೆಟೊ ಚಾನೆಲ್‌ನದು. ಎರಡೂ 12ಎಎಕ್ಸ್7. ಯುರೋಪಿನಲ್ಲಿ ಇದಕ್ಕೇ ಇಸಿಸಿ83 ಎಂಬ ಹೆಸರು. ವಿ3 ರಿವರ್ಬ್, ಅಂದರೆ ಪ್ರತಿಧ್ವನಿ, ಕೊಡುವ ಸ್ಪ್ರಿಂಗನ್ನು ಅಲುಗಿಸುವ 12ಎಟಿ7. ವಿ4 ಸ್ಪ್ರಿಂಗ್‌ನಿಂದ ಮರಳಿ ಬರುವ ಸದ್ದನ್ನು ಎತ್ತಿ ವೈಬ್ರೆಟೊ ಚಾನೆಲ್‌ಗೆ ಬೆರೆಸುವ 12ಎಎಕ್ಸ್7. ವಿ5 ಟ್ರೆಮೊಲೊಗೆ, ಅಂದರೆ ಸದ್ದನ್ನು ಅಲೆಯಂತೆ ಏರಿಳಿಸುವುದಕ್ಕೆ, ಅದೂ 12ಎಎಕ್ಸ್7. ವಿ6 ಮತ್ತೊಂದು 12ಎಟಿ7. ಇದು ಸಿಗ್ನಲ್ಲನ್ನು ಎರಡಾಗಿ ಮಾಡಿ ಪವರ್ ವಾಲ್ವ್‌ಗಳಿಗೆ ಕೊಡುತ್ತದೆ. ಆಮೇಲೆ ಎರಡು 6ವಿ6, ಅವೇ ಪವರ್ ವಾಲ್ವ್‌ಗಳು. ಎಡತುದಿಯಲ್ಲಿ ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್, ಜಿಜೆಡ್34. ಪೆಟ್ಟಿಗೆಯೊಳಗೆ ಅಂಟಿಸಿದ ಚೀಟಿ ಇನ್ನೂ ಉಳಿದಿದ್ದರೆ ಅದರಲ್ಲೂ ಇದೇ ಪಟ್ಟಿ ಇರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪ್ರತಿ ವಾಲ್ವ್‌ನ ಕಂಪನಿ ಹೆಸರು, ಗಾಜಿನ ಮೇಲಿನ ಅಂಕಿ ಎಲ್ಲವನ್ನೂ. ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಕರೆಂಟಿನ ವಿಷಯ, ದಯವಿಟ್ಟು ಹಾರಿಸಿ ಓದಬೇಡಿ

ಇದು ಅಮೆರಿಕದ 117 ವೋಲ್ಟ್ ಆಂಪ್. ನಮ್ಮ 230 ವೋಲ್ಟ್ ಪ್ಲಗ್‌ಗೆ ನೇರ ಹಾಕಿದರೆ ಮುಗಿಯಿತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. 300 ವಿಎ ಇದ್ದರೆ ಆರಾಮ. ಇಲ್ಲಿ ಸಿಗುವವು ಹೆಚ್ಚಾಗಿ 110 ವೋಲ್ಟ್ ಕೊಡುತ್ತವೆ. ಅದರಿಂದ ವಾಲ್ವ್‌ಗೆ ತೊಂದರೆ ಇಲ್ಲ. 6.3 ವೋಲ್ಟ್ ಇರಬೇಕಾದ ಹೀಟರ್‌ಗೆ, ಅಂದರೆ ವಾಲ್ವ್‌ನ ಒಳಗೆ ಕಾಯುವ ತಂತಿಗೆ, 5.9 ವೋಲ್ಟ್ ಸಿಗುತ್ತದೆ, ಅಷ್ಟೇ. ಆದರೆ ಮುಂದೆ ಅಳತೆ ಮಾಡುವಾಗ ಎಲ್ಲ ಅಂಕಿಯೂ ನೂರಕ್ಕೆ ಆರರಷ್ಟು ಕಡಿಮೆ ಬರುತ್ತದೆ. ಅದು ವಾಲ್ವ್ ಸೋತದ್ದರ ಗುರುತಲ್ಲ ಎಂದು ನೆನಪಿಡಿ.

ಮೂಲ ವೈರ್‌ಗೆ ಎರಡೇ ಪಿನ್, ಅರ್ಥಿಂಗ್ ಇಲ್ಲ. ಜೊತೆಗೆ ಗ್ರೌಂಡ್ ಸ್ವಿಚ್‌ಗೆ ಜೋಡಿಸಿದ ಒಂದು ಕೆಪಾಸಿಟರ್ ಇರುತ್ತದೆ. ಅದು ಶಾರ್ಟ್ ಆದರೆ ಗಿಟಾರ್ ತಂತಿಗೇ ಕರೆಂಟ್ ಬರಬಹುದು. ಇನ್ನೂ ಎರಡು ಪಿನ್ ವೈರ್ ಇದ್ದರೆ ಬೇರೆಲ್ಲ ಬಿಟ್ಟು ಮೊದಲು ಮೂರು ಪಿನ್ ವೈರ್ ಹಾಕಿಸಿ, ಆ ಕೆಪಾಸಿಟರ್ ತೆಗೆಸಿ. ಹಳೆಯ ಚೆಂದ ಉಳಿಸಲು ಇದೊಂದನ್ನು ಹಾಗೇ ಬಿಡುವುದು ಸರಿಯಲ್ಲ.

ಇನ್ನೊಂದು ವಿಷಯ. ಚಾಸಿಯೊಳಗೆ, ಅಂದರೆ ಸರ್ಕ್ಯೂಟ್ ಕೂರಿಸಿದ ಲೋಹದ ಚೌಕಟ್ಟಿನೊಳಗೆ, 400 ವೋಲ್ಟ್ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಕೊಲ್ಲುವಷ್ಟು. ಇಲ್ಲಿ ಹೇಳುವ ಹೆಚ್ಚಿನ ಪರೀಕ್ಷೆಗಳಿಗೆ ಚಾಸಿ ಬಿಚ್ಚಬೇಕಿಲ್ಲ, ಹಿಂಬದಿಯ ಹಲಗೆ ತೆಗೆದರೆ ಸಾಕು. ಚಾಸಿ ಬಿಚ್ಚುವ ಕೆಲಸ ಬಂದಾಗ, ಆ ಅಭ್ಯಾಸ ಇಲ್ಲದವರು ತಂತ್ರಜ್ಞರಿಗೇ ಕೊಡಿ. ಸ್ಪೀಕರ್ ಪ್ಲಗ್ ಯಾವಾಗಲೂ ಸಿಕ್ಕಿಸಿಯೇ ಇರಲಿ.

ವರ್ಷಗಟ್ಟಲೆ ಅಟ್ಟದ ಮೇಲಿದ್ದ ಆಂಪ್ ಆದರೆ ಮೊದಲ ಸಲ ಸುಮ್ನೆ ಸ್ವಿಚ್ ಹಾಕಬೇಡಿ. ನಮ್ಮ ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಬೋರ್ಡ್ ಗೊತ್ತಲ್ವಾ, ಅದನ್ನು ಸ್ಟೆಪ್‌ಡೌನ್‌ಗೆ ಮುಂಚೆ ಹಾಕಿ, 100 ವ್ಯಾಟ್‌ನ ಹಳೇ ತರಹದ ಬಲ್ಬ್ ಸಿಕ್ಕಿಸಿ. ಎಲ್ಲ ವಾಲ್ವ್ ತೆಗೆದಿಟ್ಟು ಆನ್ ಮಾಡಿ. ಬಲ್ಬ್ ಒಂದು ಕ್ಷಣ ಹೊಳೆದು ಮಂಕಾದರೆ ಟ್ರಾನ್ಸ್‌ಫಾರ್ಮರ್ ಕಡೆ ನೇರ ಶಾರ್ಟ್ ಇಲ್ಲ ಎಂದರ್ಥ. ಪೂರಾ ಉರಿಯುತ್ತಲೇ ಇದ್ದರೆ ಅಲ್ಲಿಗೇ ನಿಲ್ಲಿಸಿ. ಪವರ್ ವಾಲ್ವ್ ಇಲ್ಲದೆ ರೆಕ್ಟಿಫೈಯರ್ ಒಂದನ್ನೇ ಹಾಕಿ ಓಡಿಸಬೇಡಿ. ಎಳೆಯುವವರಿಲ್ಲದೆ ವೋಲ್ಟೇಜ್ ಏರಿ ಹಳೆಯ ಕೆಪಾಸಿಟರ್‌ಗಳಿಗೆ ಪೆಟ್ಟು ಬೀಳುತ್ತದೆ. ಅಷ್ಟು ಕಾಲ ಸುಮ್ಮನಿದ್ದ ಆಂಪ್‌ನ ಫಿಲ್ಟರ್ ಕೆಪಾಸಿಟರ್‌ಗಳನ್ನು ವಾಲ್ವ್ ಹಾಕುವ ಮೊದಲೇ ತೋರಿಸಿಬಿಡುವುದು ಒಳ್ಳೆಯದು.

ಕಣ್ಣಿಗೆ ಕಾಣುವುದು

ಆಂಪ್ ಆಫ್ ಮಾಡಿ ಹತ್ತು ನಿಮಿಷ ತಣ್ಣಗಾಗಲಿ. ಚಿಕ್ಕ ವಾಲ್ವ್‌ಗಳ ಮೇಲೆ ಲೋಹದ ಮುಚ್ಚಳ ಇರುತ್ತದೆ, ತುಸು ಒತ್ತಿ ತಿರುಗಿಸಿದರೆ ಬರುತ್ತದೆ. 6ವಿ6 ಕೀಳುವಾಗ ಗಾಜು ಹಿಡಿಯಬೇಡಿ. ಕೆಳಗಿನ ಬುಡ ಹಿಡಿದು, ಮೆಲ್ಲಗೆ ಅಲುಗಿಸುತ್ತಾ ಎತ್ತಿ. ಗಾಜಿನ ಮೇಲಿನ ಬರಹವನ್ನು ಉಜ್ಜಬೇಡಿ. ಬೆರಳಿಗೇ ಅಳಿಸಿಹೋಗುತ್ತದೆ.

ಒಳಗೆ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಮಚ್ಚೆ ಕಾಣುತ್ತದೆ. ಅದು ಗೆಟರ್, ಬೇರಿಯಂ ಲೋಹದ ಲೇಪ. ಒಳಗೆ ಉಳಿದ ಅಲ್ಪಸ್ವಲ್ಪ ಗಾಳಿಯನ್ನು ಹೀರುವುದು ಅದರ ಕೆಲಸ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜು ಬಿರಿದು ಗಾಳಿ ಹೊಕ್ಕಿದೆ. ಆ ವಾಲ್ವ್ ಸತ್ತಿದೆ, ಬೇರೆ ಪರೀಕ್ಷೆ ಬೇಡ. ಆದರೆ ಅಂಚು ಕಂದಾಗಿದೆ, ಮಚ್ಚೆ ತೆಳುವಾಗಿದೆ ಎಂದು ಹೆದರಬೇಕಿಲ್ಲ. ಮಚ್ಚೆಯ ಗಾತ್ರ ನೋಡಿ ವಾಲ್ವ್‌ನ ಶಕ್ತಿ ಹೇಳಲು ಬರುವುದಿಲ್ಲ. ಮಾರುವವರು ಹಾಗೆ ಹೇಳಿದರೆ ನಂಬಬೇಡಿ.

6ವಿ6 ಬುಡದ ನಡುವೆ ಒಂದು ಕಡ್ಡಿ ಇರುತ್ತದೆ, ಅದರಲ್ಲಿ ಉಬ್ಬಿದ ಗೆರೆ. ವಾಲ್ವ್ ಸರಿಯಾದ ದಿಕ್ಕಿನಲ್ಲಿ ಕೂರುವುದು ಅದರಿಂದ. ಆ ಕಡ್ಡಿ ಮುರಿದಿದ್ದರೆ ತಪ್ಪು ದಿಕ್ಕಿನಲ್ಲಿ ಸಿಕ್ಕಿಸಿ ಆಂಪನ್ನೇ ಸುಡುವ ಅಪಾಯವಿದೆ. ಗಾಜು ಬುಡದಿಂದ ಸಡಿಲವಾಗಿ ತಿರುಗುತ್ತಿದೆಯಾ ನೋಡಿ. ಒಂಬತ್ತು ಪಿನ್‌ನ ಚಿಕ್ಕ ವಾಲ್ವ್‌ಗಳಲ್ಲಿ ಬಾಗಿದ ಪಿನ್ ಇದ್ದರೆ ನಿಧಾನವಾಗಿ ನೆಟ್ಟಗೆ ಮಾಡಿ, ಜೋರು ಮಾಡಿದರೆ ಗಾಜು ಸೀಳುತ್ತದೆ.

ಕೈಯಲ್ಲಿ ಮಲ್ಟಿಮೀಟರ್ ಇದ್ದರೆ ಹೀಟರ್ ನೋಡಿಬಿಡಿ. 6ವಿ6ನಲ್ಲಿ ಪಿನ್ 2 ಮತ್ತು 7ರ ನಡುವೆ ಕೆಲವೇ ಓಮ್ ತೋರಿಸಬೇಕು. ಜಿಜೆಡ್34ರಲ್ಲಿ ಪಿನ್ 2 ಮತ್ತು 8. 12ಎಎಕ್ಸ್7, 12ಎಟಿ7 ಎರಡರಲ್ಲೂ ಹೀಟರ್ ಎರಡು ಭಾಗ, 4ರಿಂದ 9 ಮತ್ತು 5ರಿಂದ 9. ಒಂದು ಭಾಗ ಮಾತ್ರ ಕಡಿದುಹೋಗಿ ವಾಲ್ವ್ ಅರ್ಧ ಜೀವದಲ್ಲಿ ಓಡುವುದು ಉಂಟು. ಹೀಟರ್ ಬಿಟ್ಟು, ಎಲೆಕ್ಟ್ರಾನ್ ಹೊರಡುವ ಕ್ಯಾಥೋಡ್, ಅದನ್ನು ಹದ್ದಿನಲ್ಲಿಡುವ ಗ್ರಿಡ್, ಅದು ಸೇರುವ ಪ್ಲೇಟ್, ಇವುಗಳ ನಡುವೆ ಮೀಟರ್ ಏನನ್ನೂ ತೋರಿಸಬಾರದು.

ಕಿತ್ತದ್ದಾಯಿತಲ್ಲ, ಪಿನ್‌ಗಳಿಗೂ ಸಾಕೆಟ್‌ಗೂ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ. ನಾಲ್ಕೈದು ಸಲ ಸಿಕ್ಕಿಸಿ ತೆಗೆಯಿರಿ. ಕರಕರ ಎನ್ನುವ ಎಷ್ಟೋ ಆಂಪ್‌ಗಳ ಕಾಯಿಲೆ ಇಷ್ಟರಲ್ಲೇ ವಾಸಿಯಾಗುತ್ತದೆ. ಕ್ಲೀನರ್ ಪೂರ್ತಿ ಒಣಗಿದ ಮೇಲೆ ಮಾತ್ರ ಕರೆಂಟ್ ಕೊಡಿ.

ಆನ್ ಮಾಡಿ ನೋಡುವುದು

ಎಲ್ಲ ವಾಲ್ವ್ ಅದರದರ ಜಾಗಕ್ಕೆ ಹಾಕಿ. ಸ್ಟ್ಯಾಂಡ್‌ಬೈ ಸ್ವಿಚ್ ಹೀಟರ್‌ಗೆ ಮಾತ್ರ ಕರೆಂಟ್ ಬಿಟ್ಟು ಮೇಲಿನ ವೋಲ್ಟೇಜನ್ನು ತಡೆದಿಡುತ್ತದೆ. ಅದರಲ್ಲಿಟ್ಟು ಆನ್ ಮಾಡಿ, ಒಂದು ನಿಮಿಷ ಕಾಯಿರಿ. ವಾಲ್ವ್ ರೇಡಿಯೋ ಇದ್ದ ಮನೆಯವರಿಗೆ ಈ ಕಾಯುವಿಕೆ ಹೊಸದೇನಲ್ಲ. ಕೋಣೆಯ ದೀಪ ಆರಿಸಿದರೆ ಒಂಬತ್ತರಲ್ಲೂ ಕಿತ್ತಳೆ ಬಣ್ಣದ ಬೆಳಕು ಕಾಣಬೇಕು. ಕೆಲವು ಜಾಸ್ತಿ, ಕೆಲವು ಕಡಿಮೆ ಹೊಳೆಯುತ್ತವೆ. ಅದರಲ್ಲಿ ಏನೂ ತಪ್ಪಿಲ್ಲ.

ಈಗ ಸ್ಟ್ಯಾಂಡ್‌ಬೈ ತೆಗೆದು 6ವಿ6 ಎರಡನ್ನೂ ಕಣ್ಣು ಕೀಲಿಸಿ ನೋಡಿ. ಗಾಜಿನ ಒಳಮೈಗೆ ಅಂಟಿದಂತೆ ನೀಲಿ ಬೆಳಕು ಆಡುತ್ತಿದ್ದರೆ ಅದು ಸಹಜ, ನೋಡಲೂ ಚೆಂದ. ಪ್ಲೇಟಿನ ಒಳಗೆ ನೇರಳೆ ಅಥವಾ ಗುಲಾಬಿ ಮಬ್ಬು ತುಂಬಿದ್ದರೆ ಒಳಗೆ ಗ್ಯಾಸ್ ಇದೆ, ಆ ವಾಲ್ವ್ ಬೇಡ. ಪ್ಲೇಟು, ಅಂದರೆ ಹೊರಗಿನ ಬೂದುಬಣ್ಣದ ಅಥವಾ ಕಪ್ಪು ತಗಡು, ಕೆಂಪಾಗತೊಡಗಿದರೆ ತಕ್ಷಣ ಆಫ್ ಮಾಡಿ. ಇನ್ನೊಮ್ಮೆ ನೋಡೋಣ ಎಂದು ಕಾಯಬೇಡಿ. ಹಾಗೇ ಬಿಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಅದಕ್ಕೆ ಹೋಲಿಸಿದರೆ ವಾಲ್ವ್ ಬೆಲೆ ಏನೂ ಅಲ್ಲ.

ಕೆಂಪಾದದ್ದು ಯಾಕೆ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಇದನ್ನು ಅವತ್ತು ನನಗೆ ಯಾರಾದರೂ ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ತಣ್ಣಗಾದ ಮೇಲೆ ಎರಡು 6ವಿ6ಗಳ ಜಾಗ ಅದಲು ಬದಲು ಮಾಡಿ ಮತ್ತೆ ಆನ್ ಮಾಡಿ. ಕೆಂಪು ವಾಲ್ವ್‌ನ ಜೊತೆಗೇ ಆಚೆ ಹೋದರೆ ವಾಲ್ವ್ ಕೆಟ್ಟಿದೆ. ಕೆಂಪು ಅದೇ ಸಾಕೆಟ್‌ನಲ್ಲಿ ಉಳಿದರೆ ವಾಲ್ವ್ ಒಳ್ಳೆಯದೇ, ಕಾಯಿಲೆ ಆಂಪ್‌ನದು. 6ವಿ6ನ ಪಿನ್ 5ಕ್ಕೆ ಸುಮಾರು ಮೈನಸ್ 35 ವೋಲ್ಟ್ ಬಯಸ್ ಬರಬೇಕು. ಅದೇ ವಾಲ್ವ್‌ನ ಕಡಿವಾಣ. ಹಿಂದಿನ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೋರಿದರೆ ಆ ಕಡಿವಾಣ ಸಡಿಲವಾಗುತ್ತದೆ. ಬಯಸ್ ತರುವ ರೆಸಿಸ್ಟರ್ ಕಡಿದರೆ, ಅಥವಾ ಸಾಕೆಟ್‌ನ ಐದನೇ ತೂತು ಸಡಿಲವಾಗಿ ಪಿನ್ ತಾಗದಿದ್ದರೆ ಕಡಿವಾಣವೇ ಇಲ್ಲ. ತಂತ್ರಜ್ಞರ ಹತ್ತಿರ ಹೋಗುವಾಗ "ಎರಡೂ ಸಾಕೆಟ್‌ನ ಪಿನ್ 5ರಲ್ಲಿ ಬಯಸ್ ಒಂದೇ ಇದೆಯಾ ನೋಡಿ" ಎಂದು ಕೇಳಿ.

ಕಿವಿಯಿಂದ ಹುಡುಕುವುದು

ಸದ್ದಿನ ಕಾಯಿಲೆಗಳಿಗೆ ಟೆಸ್ಟರ್‌ಗಿಂತ ಕಿವಿಯೇ ಮೇಲು. ಒಂದು ವಿಷಯ ತಿಳಿದರೆ ಅರ್ಧ ಕೆಲಸ ಆದಂತೆ. ವಾಲ್ಯೂಮ್ ಗುಂಡಿ ಇರುವುದು ವಿ1ರ ಎರಡು ಅರ್ಧಗಳ ನಡುವೆ. ವಿ2ರಲ್ಲೂ ಹಾಗೇ. ಗೊರಗೊರ ವಾಲ್ಯೂಮ್ ಏರಿಸಿದಾಗ ಮಾತ್ರ ಬಂದರೆ ಆ ಚಾನೆಲ್‌ನ ವಾಲ್ವ್‌ನ ಮೊದಲ ಅರ್ಧವನ್ನು ಅನುಮಾನಿಸಿ. ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಬಂದರೆ ಅದು ಎರಡನೇ ಅರ್ಧ ಅಥವಾ ಅದರಿಂದಾಚೆ.

ಈಗ ಎಲ್ಲ ಗುಂಡಿಗಳನ್ನೂ ಸೊನ್ನೆಗೆ ತನ್ನಿ. ಸ್ಟ್ಯಾಂಡ್‌ಬೈಗೆ ಹಾಕಿ ವಿ6 ಕಿತ್ತು, ಸ್ಟ್ಯಾಂಡ್‌ಬೈ ತೆಗೆದು ಕೇಳಿ. ಬಿಸಿಯಿರುತ್ತದೆ, ಬಟ್ಟೆ ಹಿಡಿದುಕೊಳ್ಳಿ. ಸದ್ದು ಹಾಗೇ ಇದ್ದರೆ 6ವಿ6 ಅಥವಾ ಪವರ್ ಸಪ್ಲೈ ಕಡೆಯದು. ನಿಂತರೆ ವಿ6 ಅಥವಾ ಅದಕ್ಕೂ ಮುಂಚಿನದು. ವಿ6 ವಾಪಸ್ ಹಾಕಿ, ವಿ4 ಕಿತ್ತು ಕೇಳಿ. ಆಮೇಲೆ ವಿ2, ವಿ1. ಕೊನೆಗೆ ಯಾವುದನ್ನು ಕಿತ್ತಾಗ ಸದ್ದು ನಿಲ್ಲುತ್ತದೋ ಅಲ್ಲಿಗೆ ಅದೇ ಬಗೆಯ ಒಂದು ಒಳ್ಳೆಯ ವಾಲ್ವ್ ಹಾಕಿ ನೋಡಿ. ಈ ಇಡೀ ಹುಡುಕಾಟದಲ್ಲಿ 6ವಿ6 ಎರಡೂ ಅದರ ಜಾಗದಲ್ಲೇ ಇರಲಿ.

ಹೊಸ ವಾಲ್ವ್ ಹಾಕಿದ ಮೇಲೂ ಕರಕರ ಹೋಗಲಿಲ್ಲವೇ? ಹಾಗಾದರೆ ವಾಲ್ವ್ ನಿರಪರಾಧಿ. ಆ ಕಾಲದ ಕಾರ್ಬನ್ ರೆಸಿಸ್ಟರ್‌ಗಳು, ಅದರಲ್ಲೂ ಪ್ಲೇಟಿಗೆ ಜೋಡಿಸಿದ 100 ಕಿಲೋ ಓಮ್‌ನವು, ವಯಸ್ಸಾದಂತೆ ಹೀಗೇ ಸದ್ದು ಮಾಡುತ್ತವೆ. ಗುಂಯ್‌ಗುಡುವುದರಲ್ಲೂ ಎರಡು ಬಗೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ದಪ್ಪ, ಕೆಳದನಿಯ 50 ಹರ್ಟ್ಸ್ ಗುಂಯ್ ಬಂದರೆ ಯಾವುದೋ ಚಿಕ್ಕ ವಾಲ್ವ್‌ನಲ್ಲಿ ಹೀಟರ್‌ನಿಂದ ಕ್ಯಾಥೋಡ್‌ಗೆ ಸೋರುತ್ತಿರಬಹುದು. ಅದಕ್ಕಿಂತ ಒಂದು ಸ್ಥಾಯಿ ಮೇಲಿನ 100 ಹರ್ಟ್ಸ್ ಆದರೆ ಫಿಲ್ಟರ್ ಕೆಪಾಸಿಟರ್ ಅಥವಾ ಹೊಂದಿಕೆಯಿಲ್ಲದ 6ವಿ6 ಜೋಡಿ.

ಇನ್ನು ತಟ್ಟಿ ನೋಡುವುದು. ವಾಲ್ಯೂಮ್ 5ಕ್ಕೆ ಇಟ್ಟು, ಮರದ ಪೆನ್ಸಿಲ್‌ನಿಂದ ಚಿಕ್ಕ ವಾಲ್ವ್‌ಗಳನ್ನು ಒಂದೊಂದಾಗಿ ಮೆತ್ತಗೆ ತಟ್ಟಿ. ವಿ1, ವಿ2ರಲ್ಲಿ ಸ್ವಲ್ಪ "ಟುಕ್" ಕೇಳುವುದು ಸಹಜ. ಅಲ್ಲಿಂದ ಮುಂದೆ ಸದ್ದು ಎಷ್ಟೋ ಪಟ್ಟು ಹಿಗ್ಗುತ್ತದಲ್ಲ. ತಟ್ಟಿದ ಮೇಲೆ ಗಂಟೆಯಂತೆ "ಟಿಣ್" ಎಂದು ಎಳೆದರೆ, ಅಥವಾ ಕೂಗತೊಡಗಿದರೆ, ಅದು ಮೈಕ್ರೋಫೋನಿಕ್. ಒಳಗಿನ ಭಾಗ ಸಡಿಲವಾಗಿದೆ. ಆದರೂ ಎಸೆಯಬೇಡಿ. ಅದನ್ನು ವಿ5ಕ್ಕೆ ಹಾಕಿ. ಟ್ರೆಮೊಲೊ ವಾಲ್ವ್‌ನ ಮೂಲಕ ಗಿಟಾರ್ ಸದ್ದು ಹಾಯುವುದೇ ಇಲ್ಲ. ಅಲ್ಲಿ ಅದು ಇನ್ನೂ ಎಷ್ಟೋ ವರ್ಷ ದುಡಿಯುತ್ತದೆ.

ರಿವರ್ಬ್ ಸೊರಗಿದರೆ ಮೊದಲು ವಿ3 ನೋಡಿ. ಈ 12ಎಟಿ7ಗೆ ಬೀಳುವ ಹೊರೆ ಜಾಸ್ತಿ. ಅದರ ಪ್ಲೇಟಿಗೆ 400 ವೋಲ್ಟ್‌ಗೂ ಮೇಲೆ ಬರುತ್ತದೆ. ವಿ6ರಲ್ಲೂ ಅದೇ ಬಗೆಯ ವಾಲ್ವ್ ಇದೆ, ಎರಡನ್ನೂ ಅದಲು ಬದಲು ಮಾಡಿದರೆ ಉತ್ತರ ಸಿಗುತ್ತದೆ. ಟ್ರೆಮೊಲೊ ಶುರುವಾಗಲು ತಡ ಮಾಡಿದರೆ ವಿ5 ಬದಲಾಯಿಸಿ. ಅಲ್ಲೂ ಸರಿಹೋಗದಿದ್ದರೆ ನಿಯಾನ್ ದೀಪ ಮತ್ತು ಬೆಳಕಿಗೆ ಸ್ಪಂದಿಸುವ ಸೆಲ್ ಸೇರಿಸಿ ಮಾಡಿದ ಪುಟ್ಟ ಕೊಳವೆ ಕೆಟ್ಟಿರಬಹುದು.

ಪವರ್ ವಾಲ್ವ್‌ಗಳನ್ನು ಅಳೆಯುವುದು

ಕೆಂಪಾಗುವುದಿಲ್ಲ, ಗೊರಗೊರವೂ ಇಲ್ಲ, ಆದರೆ ಆಂಪ್ ಸುಸ್ತಾದಂತಿದೆ. ಬೇಸ್ ಸಡಿಲ, ದನಿ ಕಡಿಮೆ, ಸ್ವಲ್ಪ ಏರಿಸಿದರೂ ಒಡೆಯುತ್ತದೆ. ಇಲ್ಲಿ ಕಿವಿ ಸಾಲದು, ಅಂಕಿ ಬೇಕು. ಬಯಸ್ ಪ್ರೋಬ್ ಎಂಬ ಸಾಧನ ಸಿಗುತ್ತದೆ. ಸಾಕೆಟ್ ಮತ್ತು ವಾಲ್ವ್‌ನ ನಡುವೆ ಕೂರುವ ಒಂದು ಅಡಾಪ್ಟರ್ ಅದು. ಚಾಸಿ ಬಿಚ್ಚದೆಯೇ ಪ್ಲೇಟ್ ವೋಲ್ಟೇಜು, ಕ್ಯಾಥೋಡ್ ಕರೆಂಟು ಎರಡನ್ನೂ ತೋರಿಸುವಂಥದ್ದನ್ನೇ ಕೊಳ್ಳಿ.

ಫೆಂಡರ್ ನಕ್ಷೆಯಲ್ಲಿ 6ವಿ6 ಪ್ಲೇಟಿಗೆ 415 ವೋಲ್ಟ್ ಎಂದಿದೆ. ನಮ್ಮ 110 ವೋಲ್ಟ್ ಸ್ಟೆಪ್‌ಡೌನ್‌ನಲ್ಲಿ ಸುಮಾರು 390 ಬಂದರೆ ಸರಿ. 6ವಿ6 ತಡೆಯುವುದು 12 ವ್ಯಾಟ್. ಗಿಟಾರ್ ನುಡಿಸದೆ ಸುಮ್ಮನಿದ್ದಾಗ ಅದರ ನೂರಕ್ಕೆ 70, ಅಂದರೆ 8.4 ವ್ಯಾಟ್ ದಾಟದಿದ್ದರೆ ಒಳ್ಳೆಯದು. 8.4ನ್ನು 390ರಿಂದ ಭಾಗಿಸಿದರೆ 21.5 ಮಿಲಿಆಂಪ್. 415 ವೋಲ್ಟ್ ಇದ್ದರೆ 20 ಮಿಲಿಆಂಪ್. ಕ್ಯಾಥೋಡ್ ಕರೆಂಟಿನಲ್ಲಿ ಸ್ಕ್ರೀನ್‌ನ, ಅಂದರೆ ಒಳಗಿನ ಎರಡನೇ ಗ್ರಿಡ್‌ನ, ಪಾಲೂ ಸ್ವಲ್ಪ ಸೇರಿರುತ್ತದೆ, ಅದಕ್ಕೆ ಒಂದೆರಡು ಮಿಲಿಆಂಪ್ ಬಿಡಿ.

ಎರಡು ವಾಲ್ವ್‌ಗಳ ನಡುವೆ 4–5 ಮಿಲಿಆಂಪ್ ವ್ಯತ್ಯಾಸಕ್ಕೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಮತ್ತೆ ಜಾಗ ಬದಲಾಯಿಸಿ ನೋಡಿ. ಬಯಸ್ ಸರಿಯಿದ್ದೂ ಎರಡೂ ವಾಲ್ವ್ ನಾಲ್ಕೈದು ಮಿಲಿಆಂಪ್‌ನಲ್ಲೇ ನಿಂತರೆ ಕ್ಯಾಥೋಡ್ ಸವೆದಿದೆ. ಅವಕ್ಕೆ ವಿಶ್ರಾಂತಿ ಕೊಡುವ ಕಾಲ ಬಂದಿದೆ. ಒಂದೇ ಸಲ ನೋಡಿ ಮೀಟರ್ ಎತ್ತಿಡಬೇಡಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಅಂಕಿ ಒಂದೇ ಸಮನೆ ಮೇಲೇರುತ್ತಲೇ ಇದ್ದರೆ ಆ ವಾಲ್ವ್‌ನಲ್ಲಿ ಗ್ಯಾಸ್ ಇದೆ ಅಥವಾ ಗ್ರಿಡ್ ಕೆಟ್ಟಿದೆ. ಇವತ್ತು ಚೆನ್ನಾಗಿ ನುಡಿದರೂ ಒಂದು ದಿನ ಕಾರ್ಯಕ್ರಮದ ಮಧ್ಯೆ ಕೆಂಪಾಗುವುದು ಇಂಥದ್ದೇ.

ಎರಡೂ 6ವಿ6 ಸರಿಯಿದ್ದು ಪ್ಲೇಟ್ ವೋಲ್ಟೇಜ್ ಮಾತ್ರ ತುಂಬಾ ಕೆಳಗಿದ್ದರೆ ರೆಕ್ಟಿಫೈಯರ್ ಸೋತಿರಬಹುದು. ನಕ್ಷೆಯ ಅಂಕಿಗೆ ನೂರಕ್ಕೆ 20 ಹೆಚ್ಚುಕಡಿಮೆ ಇರಬಹುದೆಂದು ಫೆಂಡರ್‌ನವರೇ ಬರೆದಿದ್ದಾರೆ, ಹಾಗಾಗಿ ಹತ್ತು ಹದಿನೈದು ವೋಲ್ಟ್‌ಗೆ ಚಿಂತೆ ಬೇಡ. ಸ್ಟ್ಯಾಂಡ್‌ಬೈ ತೆಗೆದ ಕ್ಷಣ ಜಿಜೆಡ್34ರ ಒಳಗೆ ಮಿಂಚು ಹಾರಿದರೆ ಅದನ್ನು ಬದಲಾಯಿಸಿ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ ಮಾಡಿದ ಮಲ್ಲಾರ್ಡ್ ಜಿಜೆಡ್34 ನಿಮ್ಮಲ್ಲಿದ್ದರೆ ಜೋಪಾನ, ಅಷ್ಟು ಗಟ್ಟಿಯಾದದ್ದು ಈಗ ಸಿಗುವುದು ಕಷ್ಟ.

ಟೆಸ್ಟರ್ ಹೇಳುವುದು ಎಷ್ಟು ನಿಜ?

ಯಾರದ್ದಾದರೂ ಹತ್ತಿರ ವಾಲ್ವ್ ಟೆಸ್ಟರ್ ಇದ್ದರೆ ಬಳಸಿ. ಆದರೆ ಅದು ಎಂಥದ್ದು ಎಂದು ಕೇಳಿ. ಬರೀ ಎಮಿಷನ್ ನೋಡುವ ಅಗ್ಗದ ಟೆಸ್ಟರ್, ಕ್ಯಾಥೋಡ್‌ನಿಂದ ಎಲೆಕ್ಟ್ರಾನ್ ಬರುತ್ತಿದೆಯಾ ಎಂದಷ್ಟೇ ಹೇಳುತ್ತದೆ. ಹಿಕಾಕ್, ಏವೋದಂಥವು ವಾಲ್ವ್ ಸಿಗ್ನಲ್ಲನ್ನು ಎಷ್ಟು ಎತ್ತುತ್ತದೆ ಎಂದು ಅಳೆಯುತ್ತವೆ. ಆ ಅಳತೆಯ ಮಾನ ಮೈಕ್ರೋಮ್ಹೋ. 12ಎಎಕ್ಸ್7ಗೆ 250 ವೋಲ್ಟ್‌ನಲ್ಲಿ ಸುಮಾರು 1600 ಮೈಕ್ರೋಮ್ಹೋ, 12ಎಟಿ7ಗೆ 5500 ಎಂದು ಪುಸ್ತಕದ ಲೆಕ್ಕ. ಇವೂ ನಿಮ್ಮ ಆಂಪ್‌ನ 400 ವೋಲ್ಟನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಟೆಸ್ಟರ್‌ನಲ್ಲಿ ಪಾಸಾದ ವಾಲ್ವ್ ಆಂಪ್‌ನಲ್ಲಿ ಕೂಗಬಹುದು. ಟೆಸ್ಟರ್ ನಿಜಕ್ಕೂ ಸಹಾಯಕ್ಕೆ ಬರುವುದು ಒಳಗಿನ ಶಾರ್ಟ್ ಹಿಡಿಯಲು.

ಒಂದು ಒಳ್ಳೆಯ 12ಎಎಕ್ಸ್7, ಒಂದು 12ಎಟಿ7, ಒಂದು ಜೋಡಿ 6ವಿ6. ಇಷ್ಟು ಇಟ್ಟುಕೊಂಡರೆ ಮನೆಯಲ್ಲೇ ಟೆಸ್ಟರ್ ಇದ್ದಂತೆ. ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾಟೋವ್‌ನಲ್ಲಿ ತಯಾರಾಗುವ ವಾಲ್ವ್‌ಗಳು ಇದಕ್ಕೆ ಸಾಕು. 6ವಿ6 ಹೊಸ ಜೋಡಿ ಹಾಕಿದಾಗ ಬಯಸ್ ಮತ್ತೆ ಹೊಂದಿಸಲೇಬೇಕು. ಚಿಕ್ಕ ವಾಲ್ವ್‌ಗಳಿಗೆ ಆ ತಂಟೆ ಇಲ್ಲ.

ತೆಗೆದ ವಾಲ್ವ್‌ಗೆ ಒಂದು ಚೀಟಿ ಕಟ್ಟಿ. ಯಾವ ಸಾಕೆಟ್‌ನದು, ಯಾವ ತಾರೀಕು, ಏನು ಕಾಯಿಲೆ, ಎಷ್ಟು ಮಿಲಿಆಂಪ್. ಪೇಪರ್‌ನಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ರಿಪೇರಿಗೆ ಕೊಡುವಾಗ ರಸೀದಿಯ ಮೇಲೆ "ತೆಗೆದ ವಾಲ್ವ್‌ಗಳನ್ನು ವಾಪಸ್ ಕೊಡಬೇಕು" ಎಂದು ಬರೆಸಿಕೊಂಡೇ ಅಂಗಡಿಯಿಂದ ಹೊರಡಿ.